ಅರಬಿ ಅಂದೆನೋ, ಮಾರಿ ಅಂದೆನೋ

ಗೋಕಾಕದ ನಮ್ಮ ಓಣಿಯ ಗೊಂಬೆ ಕಾಕಾ ತೀರಿಕೊಂಡಾಗ, ಅವರ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ಓಣಿಯವರು ಕೇಳಿದರು. ನೀವು ಮಾಸ್ತರು, ಅವರಿಗೆ ಬೇಕಾದವರು, ನಿಮ್ಮನ್ನು ಬಿಟ್ಟರೆ ಇನ್ಯಾರು ಬರೆಯಬೇಕು ಅಂದರು. ಬರೆದುಕೊಟ್ಟೆ. ಸಜ್ಜನರು, ಕಲಾವಿದರು, ದುಡಿಮೆಯೇ ದೇವರೆಂದು ನಂಬಿದವರು, ಹೀಗೆ. ಯಾರ ಹೆಸರು ಹಾಕಿ ಓದಿದರೂ ನಡೆಯುವಂಥ ಸಾಲುಗಳು. ಆ ಹಾಳೆಯಲ್ಲಿ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರನ್ನು ಮಾತ್ರ ಇಲ್ಲಿಯೂ ಬರೆಯುವುದಿಲ್ಲ, ಯಾಕೆಂದರೆ ಆ ಹೆಸರಿಗೆ ನಾನು ಒಮ್ಮೆ ಮಾಡಿದ್ದು ಸಾಕು.

ತೊಂಬತ್ತರ ದಶಕದಲ್ಲಿ ನಾನು ಮೂಡಲಗಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಮನೆ ಮಾಡಿದ್ದು ಗೋಕಾಕದಲ್ಲಿ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಬಾಡಿಗೆಗೆ ಬಂದ ಮೊದಲ ವಾರವೇ ಎದುರುಮನೆಯ ಕಾಕಾ ಚಹಾಕ್ಕೆ ಕರೆದಿದ್ದರು. ಚಾಪೆಯ ಮೇಲೆ ಕುಳಿತೆ. ಮುಂದೆ ಒಂದು ತಟ್ಟೆಯಲ್ಲಿ ಪೇರಲ, ಬಾಳೆ, ಸೀತಾಫಲ. ಅವರು ಒಳಗೆ ಹೋದಾಗ ಒಂದು ಪೇರಲ ಎತ್ತಿ ಕಚ್ಚಿಯೇಬಿಟ್ಟೆ. ಮಣ್ಣು! ಹಲ್ಲಿಗೆ ಹಸಿರು ಬಣ್ಣ ಬೇರೆ ಹತ್ತಿತು. ಕಾಕಾ ಹೊರಗೆ ಬಂದು ನೋಡಿ, ನಗಲಿಲ್ಲ. ಕಚ್ಚಿದ ಪೇರಲವನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಏ, ಇಲ್ಲಿ ಬಾ. ಇಂಗ್ಲಿಷ್ ಮಾಸ್ತರು ನನ್ನ ಪೇರಲಾ ಕಡದಾರ ನೋಡು" ಎಂದು ಹೆಂಡತಿಯನ್ನು ಕರೆದರು. ದನಿಯಲ್ಲಿ ಎಷ್ಟು ಹೆಮ್ಮೆ! ಆಮೇಲೆ ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನನ್ನ ಹಲ್ಲಿನ ಗುರುತಿದ್ದ ಆ ಪೇರಲವನ್ನು ಅವರು ಮಾರಲಿಲ್ಲ, ಬಿಸಾಡಲೂ ಇಲ್ಲ. ಬಂದವರಿಗೆಲ್ಲ ತೋರಿಸುತ್ತಿದ್ದರು.

ಎಲ್ಲರಿಗೂ ಅವರು ಕಾಕಾ, ಅವರ ಹೆಂಡತಿ ಕಾಕೂ. ಮೂರು ತಲೆಮಾರಿನಿಂದ ಗೊಂಬೆಯ ಕೆಲಸ. ಕುಂಚದ ತುದಿಯನ್ನು ತುಟಿಯಲ್ಲೇ ಚೂಪು ಮಾಡುತ್ತಿದ್ದರಾದ್ದರಿಂದ ಬಾಯಿಯ ಎಡಮೂಲೆಯಲ್ಲಿ ಯಾವಾಗಲೂ ಒಂದು ಬಣ್ಣ ಇರುತ್ತಿತ್ತು. ಅದನ್ನು ನೋಡಿಯೇ ಇವತ್ತು ಏನು ಕೆಲಸ ನಡೆದಿದೆ ಎಂದು ಓಣಿಯವರು ಹೇಳುತ್ತಿದ್ದರು. ನೀಲಿ ಇದ್ದರೆ ಕೃಷ್ಣ, ಹಸಿರು ಇದ್ದರೆ ಗಿಳಿ. ಕಟ್ಟಿಗೆ ಆರಿಸುವಾಗ ಕಣ್ಣಿನಿಂದ ನೋಡುತ್ತಿರಲಿಲ್ಲ. ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ಕಿವಿ ಹತ್ತಿರ ಹಿಡಿದು, "ಇದರಾಗ ಇನ್ನೂ ನೀರ ಐತಿ" ಎಂದು ಪಕ್ಕಕ್ಕಿಡುತ್ತಿದ್ದರು. ಬೇರೆ ಗೊಂಬೆಯವರೂ ತಮ್ಮ ಕಟ್ಟಿಗೆ ತಂದು ಅವರಿಂದ ತಟ್ಟಿಸಿಕೊಂಡು ಹೋಗುತ್ತಿದ್ದರು.

ಅವರದೊಂದು ಪದ್ಧತಿ ಇತ್ತು. ಗೊಂಬೆ ಯಾವುದೇ ಇರಲಿ, ದೇವರಿರಲಿ, ರೈತನಿರಲಿ, ಎಲ್ಲ ಬಣ್ಣ ಮುಗಿದ ಮೇಲೆ ಕೊನೆಗೆ ಕಣ್ಣು. ಅದೂ ಬೆಳಿಗ್ಗೆ ಸ್ನಾನ ಮಾಡಿ, ಬಿಸಿಲು ಬಾಗಿಲಿಗೆ ಬಂದಾಗ. ಅದಕ್ಕೆ ಕಣ್ಣು ಬರೆಯುವುದು ಅನ್ನುತ್ತಿರಲಿಲ್ಲ, ಕಣ್ಣು ತೆರೆಯುವುದು ಅನ್ನುತ್ತಿದ್ದರು. ತೆರೆದ ಕಣ್ಣಿನ ಮೇಲೆ ಮತ್ತೆ ಬಣ್ಣ ಹಚ್ಚುವಂತಿಲ್ಲ. ಒಮ್ಮೆ ಒಂದು ಗೌರಿಯ ಕಣ್ಣು ಕೊಂಚ ಮೇಲೆ ಕೆಳಗೆ ಆಗಿತ್ತು. ಅಳಿಸಿ ಬರೆಯಿರಿ ಅಂದೆ. "ನಿಮ್ಮ ಕಣ್ಣು ಯಾರರ ಮುಚ್ಚಾಕ ಬಂದ್ರ ಬಿಡ್ತೀರೇನ್ರಿ ಮಾಸ್ತರ?" ಎಂದು ನನ್ನನ್ನೇ ಕೇಳಿದರು. ಆ ಗೌರಿ ಅವರ ಮನೆಯಲ್ಲೇ ಉಳಿಯಿತು.

ಹುಕ್ಕೇರಿಯ ಹತ್ತಿರ ತೋಟದ ಮನೆಯಲ್ಲಿ ಸೈನ್ಯದಿಂದ ನಿವೃತ್ತರಾದ ಒಬ್ಬ ಸಾಹೇಬರಿದ್ದರು. ಅವರಿಗೆ ಒಂದು ವಿಚಿತ್ರ ಹುಚ್ಚು. ನಡುಮನೆಯಲ್ಲಿ ದೊಡ್ಡ ಮೇಜು ಹಾಕಿಸಿ, ಅದರ ಮೇಲೆ ಮರಳು, ಸ್ಪಂಜಿನ ಗಿಡಮರ, ಕನ್ನಡಿಯ ನದಿ, ಎಲ್ಲವನ್ನೂ ಹೂಡಿ, ಕಿರುಬೆರಳಿನ ಎರಡು ಗೆಣ್ಣಿನಷ್ಟು ಎತ್ತರದ ಸೀಸದ ಸೈನಿಕರಿಂದ ಯುದ್ಧದ ಆಟ ಆಡುತ್ತಿದ್ದರು. ದಾಳ ಉರುಳಿಸುವುದು, ಟೇಪಿನಿಂದ ಅಳೆದು ಸೈನಿಕರನ್ನು ಮುಂದೆ ಸರಿಸುವುದು. ಜೊತೆಗೆ ಆಡಲು ಪುಣೆಯಿಂದ ಒಬ್ಬ ಗೆಳೆಯರು ಬರುತ್ತಿದ್ದರು. ಆ ಗೆಳೆಯರೇ ಪರದೇಶದಿಂದ ಹೊಸ ಸೈನಿಕರನ್ನು ತರಿಸಿಕೊಟ್ಟಿದ್ದರು, ವಿಯೆಟ್ನಾಂ ಯುದ್ಧದ ಅಮೆರಿಕದ ಪದಾತಿಗಳು. ಬಣ್ಣವಿಲ್ಲದ ಬರಿ ಸೀಸ. ಸಾಹೇಬರು ಗೋಕಾಕಕ್ಕೆ ಬಂದು ಕಾಕಾನ ಕೈಕೆಲಸ ನೋಡಿ, ಮೂವತ್ತು ಸೈನಿಕರ ಒಂದು ಡಬ್ಬಿ ಕೊಟ್ಟುಹೋದರು. ಇದು ಸರಿಯಾದರೆ ಮನೆಯಲ್ಲಿ ಇನ್ನೂ ಹತ್ತಾರು ಡಬ್ಬಿ ಇವೆ, ಎಲ್ಲವೂ ನಿಮ್ಮ ಕೈಗೇ ಅಂದರಂತೆ. ಪ್ಲಾಸ್ಟಿಕ್ ಗೊಂಬೆ ಬಂದು ಕಟ್ಟಿಗೆಯ ಗೊಂಬೆಯನ್ನು ಕೇಳುವವರೇ ಕಡಿಮೆಯಾಗಿದ್ದ ಕಾಲ ಅದು. ಕಾಕಾನ ಮುಖ ಅರಳಿತ್ತು. ಡಬ್ಬಿಯ ಜೊತೆ ಒಂದು ಇಂಗ್ಲಿಷ್ ಹಾಳೆಯೂ ಇತ್ತು. ಯಾರಿಗೆ ಯಾವ ಬಣ್ಣ, ಯಾರು ಯಾವ ತಂಡದಲ್ಲಿ ಎಂದು ಟೈಪು ಮಾಡಿದ್ದ ಹಾಳೆ. ಅದನ್ನು ಹಿಡಿದುಕೊಂಡು ಅವರು ನೇರ ನನ್ನಲ್ಲಿಗೆ ಬಂದರು.

"ಓದಿ ಹೇಳ್ರಿ ಮಾಸ್ತರ. ನನಗ ಇಂಗ್ಲಿಷ್ ಅಂದ್ರ ಬಸ್ಸಿನ ನಂಬರ್ ಅಷ್ಟ."

ನನಗೆ ಆಗ ಇಂಗ್ಲಿಷಿನ ಜಂಬ. ಓಣಿಗೊಬ್ಬನೇ ಇಂಗ್ಲಿಷ್ ಮಾಸ್ತರ. ಕನ್ನಡಕ ಏರಿಸಿಕೊಂಡು ಓದಿ ಹೇಳುತ್ತಾ ಹೋದೆ. ಹೆಲ್ಮೆಟ್ಟಿಗೆ ಎಲೆಯ ಚಿತ್ತಾರ, ಬೂಟು ಕಪ್ಪು ಮತ್ತು ಹಸಿರು, ಬಂದೂಕು ಕಪ್ಪು. ಆಮೇಲೆ ಒಂದು ಸಾಲು ಬಂತು. ಫಟೀಗ್ಸ್, ಅದರ ಮುಂದೆ ಹಸಿರು, ಆಮೇಲೆ ಸವೆದದ್ದು, ಬಾಡಿದ್ದು, ಬಿಸಿಲಿಗೆ ಬಿಳಿಚಿದ್ದು, ಒಂದರಂತೆ ಇನ್ನೊಂದು ಇರಬಾರದು. ಫಟೀಗ್ ಅಂದರೆ ದಣಿವು, ಅದು ನನಗೆ ಗೊತ್ತಿತ್ತು. ಸೈನ್ಯದಲ್ಲಿ ಆ ಮಾತಿಗೆ ಬೇರೆ ಅರ್ಥ ಇದ್ದೀತು ಎಂಬ ಯೋಚನೆಯೇ ಬರಲಿಲ್ಲ. ದಣಿವಿನ ಮುಂದೆ ಹಸಿರು ಯಾಕೆ ಎಂದು ಒಂದು ಕ್ಷಣ ನಿಂತೆ, ನಿಜ. ಶಾಲೆಯಲ್ಲಿ ದೊಡ್ಡ ನಿಘಂಟು ಇತ್ತು, ಮರುದಿನ ನೋಡಿ ಹೇಳುತ್ತೇನೆ ಅನ್ನಬಹುದಿತ್ತು. ಹಾಗೆ ಅಂದರೆ ಮಾಸ್ತರಿಗೂ ಗೊತ್ತಿಲ್ಲ ಎಂದಾಗುತ್ತದಲ್ಲ!

"ಅರಬಿ ಹಸಿರು. ಮಾರಿ ಮಾತ್ರ ದಣಿದಿರಬೇಕು ಕಾಕಾ" ಅಂದೆ. ನಮ್ಮ ಕಡೆ ಬಟ್ಟೆಗೆ ಅರಬಿ, ಮುಖಕ್ಕೆ ಮಾರಿ. "ಬಾಡಿದ ಮಾರಿ, ಬಿಸಿಲಿಗೆ ಬಸವಳಿದ ಮಾರಿ. ಒಬ್ಬನ್ಹಂಗ ಒಬ್ಬ ಇರಬಾರದಂತ."

"ಯಾವ ಊರಿನ ಲಡಾಯಿರಿ ಇದು?"

ವಿಯೆಟ್ನಾಂ ಅಂದೆ. ದೂರದ ದೇಶ, ಕಾಡು, ಮಳೆ, ಕೆಸರು ಎಂದು ನನಗೆ ತಿಳಿದಷ್ಟು ಹೇಳಿದೆ.

"ಇವರು ಗೆದ್ರೇನ್ರಿ?"

"ಇಲ್ರಿ ಕಾಕಾ. ಕಡೀಕ ಬಿಟ್ಟು ಹೋದ್ರು."

ಅವರು ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿದರು. "ಹಂಗಾರ ಸಾಹೇಬ್ರು ಬರೋಬರಿ ಬರದಾರ. ಮಾರಿ ಹಂಗs ಇರಬೇಕು" ಅಂದರು.

ಎರಡು ತಿಂಗಳು ಆ ಮನೆಯಲ್ಲಿ ಬೇರೆ ಕೆಲಸವೇ ನಡೆಯಲಿಲ್ಲ. ಒಬ್ಬೊಬ್ಬ ಸೈನಿಕನನ್ನು ಒಂದೊಂದು ಬೆಂಕಿಪೊಟ್ಟಣದ ಮೇಲೆ ಮೇಣದಿಂದ ನಿಲ್ಲಿಸಿದ್ದರು. ಹತ್ತು ಹತ್ತರಂತೆ ಮೂರು ಮಣೆ. ಅದೇ ಅವರ ಮೂರು ಟೋಳಿ. ಟೋಳಿಗೊಬ್ಬ ಮುಖಂಡ, ಬೆನ್ನಿಗೆ ರೇಡಿಯೋ ಹೊತ್ತವನೊಬ್ಬ, ದೊಡ್ಡ ಬಂದೂಕಿನವನೊಬ್ಬ, ಔಷಧದ ಚೀಲದವನೊಬ್ಬ. ಹಾಳೆಯಲ್ಲಿ ಇದ್ದದ್ದು ಇಷ್ಟೇ. ಉಳಿದದ್ದನ್ನು ಕಾಕಾ ತಾವೇ ಹೊಂದಿಸಿದರು. ಇವನಿಗೆ ಇವನು ಗೆಳೆಯ, ಇವನು ಹೊಸಬ, ಆದ್ದರಿಂದ ಹಿರಿಯನ ಬಾಜೂಕ್ಕೆ ನಿಲ್ಲಬೇಕು. ಔಷಧದವನನ್ನು ನಡುವೆ ಇಟ್ಟಿದ್ದರು, ಯಾರು ಕೂಗಿದರೂ ಓಡಿಹೋಗಲು ಬರಲಿ ಎಂದು.

ದಣಿದ ಮುಖಕ್ಕಾಗಿ ಅವರು ಪಟ್ಟ ಪಾಡು ಬೇರೆಯೇ. ಸಂಜೆ ಗಿರಣಿಯ ಪಾಳಿ ಮುಗಿಸಿ ಬರುವವರು ಇಳಿಯುವ ಸ್ಟಾಪಿನಲ್ಲಿ ಹೋಗಿ ಕುಳಿತಿರುತ್ತಿದ್ದರು. ಮೇಲವಂಕಿಯ ಕಡೆ ಕಬ್ಬು ಕಡಿಯುವವರು ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಹೋಗಿ ನೋಡಿಬಂದರು. ಬಂದು ಹೇಳಿದರು, "ದಣಿವು ಕಣ್ಣಾಗ ಇರೂದಿಲ್ರಿ ಮಾಸ್ತರ, ತುಟಿ ಸುತ್ತ ಇರತೈತಿ. ಕಣ್ಣು ಸುಮ್ಮ ತೋರಸತೈತಿ." ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದಾದ ಮುಖದಲ್ಲಿ ತುಟಿಯ ಸುತ್ತ ದಣಿವು ಬರೆಯಲು ಅಳಿಲಿನ ಕೂದಲಿನ ಕುಂಚದಲ್ಲಿ ಮೂರೇ ಕೂದಲು ಉಳಿಸಿಕೊಂಡಿದ್ದರು.

ಒಂದು ರವಿವಾರ ಬೆಳಿಗ್ಗೆ ಕರೆದು, ಭೂತಗನ್ನಡಿ ಕೈಗೆ ಕೊಟ್ಟು, ಎರಡನೆಯ ಟೋಳಿಯ ತುದಿಯಲ್ಲಿದ್ದವನನ್ನು ತೋರಿಸಿದರು. ಕೆನ್ನೆ ಇಳಿಬಿದ್ದು, ಯಾರ ಮೇಲೋ ಸಿಟ್ಟು ಬಂದವನಂತೆ ಬಾಯಿ ಬಿಗಿದುಕೊಂಡಿದ್ದ.

"ಯಾರ ಹೇಳ್ರಿ?"

"ಯಾರೋ ಗೊತ್ತಾಗವಲ್ದು."

"ನೀವರಿ! ಮೂಡಲಗಿ ಬಸ್ ಇಳದ ಬರೂ ಹೊತ್ತಿನ್ಯಾಗ ನಿಮ್ಮ ಮಾರಿ ಇದು."

ನಾನು ನಕ್ಕೆ. ಆ ಮುಖ ಮಾತ್ರ ನನ್ನದೇ ಆಗಿತ್ತು.

ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅವರು ಹುಕ್ಕೇರಿಗೆ ಹೊರಟರು. ಜೊತೆಗೆ ನಾನೂ ಹೋದೆ. ಸಾಹೇಬರು ಏನಾದರೂ ಇಂಗ್ಲಿಷಿನಲ್ಲಿ ಕೇಳಿದರೆ ಇರಲಿ ಎಂದು ಕಾಕಾ ಕರೆದಿದ್ದರು. ಹಾದಿಯುದ್ದಕ್ಕೂ ಡಬ್ಬಿಗೆ ಅವರ ಎರಡೂ ಕೈ ಅಡ್ಡ ಇದ್ದವು. ಸಾಹೇಬರು ಮೇಜಿನ ಮೇಲಿನ ಮರಳಿನಲ್ಲಿ ಮೂವತ್ತೂ ಜನರನ್ನು ನಿಲ್ಲಿಸಿದರು. ಮೊದಲು ಮುಖದಲ್ಲಿ ಸಂತೋಷವಿತ್ತು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ಮತ್ತೆ ಬಗ್ಗಿ ನೋಡಿದರು.

"ಅಲ್ರೀ, ಇದೇನಿದು? ಕಾಡಿನ್ಯಾಗ ಮೂರ ತಿಂಗಳ ಹೊಳ್ಳಾಡಿದವರು ಇವರು. ಅರಬಿ ನಿನ್ನೆ ಅಂಗಡಿಯಿಂದ ತಂದಂಗ ಅದಾವಲ್ಲ! ಮಾರಿ ನೋಡಿದ್ರ ಜಡ್ಡಿನವರ ಮಾರಿ. ದೂರಿಂದ ಬರೇ ಕಪ್ಪ ಕಲೆ ಕಾಣತಾವು. ನಾ ಬರೆದಿದ್ದು ಫಟೀಗ್ಸ್ ಸವದಿರಬೇಕು ಅಂತ. ಫಟೀಗ್ಸ್ ಅಂದ್ರ ಸೈನಿಕರ ಅರಬಿ."

ಅಲ್ಲಿಯೇ ನನಗೆ ಎಲ್ಲವೂ ತಿಳಿಯಿತು. ಸಾಹೇಬರು ನನ್ನ ಕಡೆ ತಿರುಗಿದರು.

"ಮಾಸ್ತರ, ನೀವs ಅಲ್ಲೇನು ಇವರಿಗೆ ಓದಿ ಹೇಳಿದವರು? ಏನಂತ ಹೇಳಿದ್ರಿ?"

ಬೈಗುಳವೇನೂ ಅಲ್ಲ, ಸುಮ್ಮನೆ ಕೇಳಿದ್ದು. ತಪ್ಪಾಯಿತು, ಅರ್ಥ ತಿಳಿಯಲಿಲ್ಲ ಅಂದಿದ್ದರೆ ಆ ಮನುಷ್ಯ ನಕ್ಕುಬಿಡುತ್ತಿದ್ದರು. ಸೈನ್ಯದಲ್ಲಿ ಮೂವತ್ತು ವರ್ಷ ಇದ್ದವರು, ಇದಕ್ಕಿಂತ ದೊಡ್ಡ ತಪ್ಪು ನೋಡಿರಲಿಕ್ಕಿಲ್ಲವೇ! ನನ್ನ ಬಾಯಿಂದ ಬಂದದ್ದು ಬೇರೆ.

"ನಾ ಅರಬಿ ಅಂತನs ಹೇಳಿದ್ನಿರಿ ಸಾಹೇಬ್ರ. ಕಾಕಾಗ ಕಿವಿ ಸ್ವಲ್ಪ ಮಂದ. ಅರಬಿ ಅಂದಿದ್ದು ಮಾರಿ ಅಂತ ಕೇಳಿಸಿರಬೇಕು."

ಎಷ್ಟು ಸಲೀಸಾಗಿ ಬಂತು! ಮಕ್ಕಳಿಗೆ ಪಾಠ ಹೇಳುವ ದನಿಯಲ್ಲೇ ಹೇಳಿದೆ. ಕಾಕಾ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅನುಮಾನವೂ ಇರಲಿಲ್ಲ. ಏನೋ ನೆನಪು ಮಾಡಿಕೊಳ್ಳುವವರಂತೆ ನೋಡಿ, ಬಲಗಿವಿಯನ್ನು ಒಮ್ಮೆ ಮುಟ್ಟಿಕೊಂಡರು.

"ಇರಬೇಕ್ರಿ ಸಾಹೇಬ್ರ. ನಂದ ತಪ್ಪು. ಅರಬಿ ಎಂಟ ದಿನದಾಗ ಬದಲಿ ಮಾಡಿ ಕೊಡತೇನಿ" ಅಂದರು.

"ಮಾರೀನೂ ಸಾಫ್ ಮಾಡ್ರಿ. ಬರೇ ಮೈಬಣ್ಣ ಸಾಕು."

"ಮಾರಿ ಮುಟ್ಟಾಂಗಿಲ್ರಿ. ಕಣ್ಣ ತೆರದೇನಿ."

ಸಾಹೇಬರಿಗೆ ಅರ್ಥವಾಗಲಿಲ್ಲ. ಇದು ಸೀಸದ ಗೊಂಬೆ, ದೇವರಲ್ಲ ಅಂದರು. ಎರಡು ಸಲ ಹೇಳಿ ನೋಡಿದರು. ಕಾಕಾ ಕೈಮುಗಿದುಕೊಂಡೇ ಆಗುವುದಿಲ್ಲ ಅಂದರು. ಕೊನೆಗೆ ಸಾಹೇಬರು, ಹಂಗಾದರೆ ಬಿಡ್ರಿ, ಮುಂದಿನದು ಪುಣೆಯಲ್ಲಿ ಯಾರನ್ನಾದರೂ ನೋಡತೇನಿ ಎಂದು ಡಬ್ಬಿ ತೆಗೆದಿಟ್ಟರು. ಬಾಗಿಲು ತೆರೆದಿದ್ದ ಕಪಾಟಿನಲ್ಲಿ ಉಳಿದ ಡಬ್ಬಿಗಳು ಒಂದರ ಮೇಲೊಂದು ಕಾಣುತ್ತಿದ್ದವು. ಕಾಕಾ ಅವುಗಳನ್ನು ಒಮ್ಮೆ ನೋಡಿ ಚಪ್ಪಲಿ ಮೆಟ್ಟಿಕೊಂಡರು.

ತಿರುಗಿ ಬರುವ ಬಸ್ಸಿನಲ್ಲಿ ಕಾಕಾ ಇಬ್ಬರದೂ ಟಿಕೀಟು ತೆಗೆಸಿ, ಚಿಲ್ಲರೆ ಎಣಿಸಿ ಇಟ್ಟುಕೊಂಡರು. ಆಮೇಲೆ ಕೇಳಿದರು, "ಮಾಸ್ತರ, ನೀವು ಖರೇನ ಅರಬಿ ಅಂದಿದ್ರಿ? ಮಾರಿ ತೋರಿಸಿದಾಗ ಏನೂ ಅನ್ನಲಿಲ್ಲಲ್ಲ?"

ಪಕ್ಕದಲ್ಲಿ ಯಾರೂ ಇರಲಿಲ್ಲ. ಸಾಹೇಬರು ಇರಲಿಲ್ಲ. ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ.

"ಹೂಂ, ಕಾಕಾ. ಮಾರಿ ನಿಮ್ಮ ಖುಷಿಗೆ ಬರದೀರಿ ಅಂತ ತಿಳಕೊಂಡಿದ್ನಿ" ಅಂದೆ.

"ನನಗ ಮಾರಿ ಅಂತನs ಕೇಳಿಸ್ತು ನೋಡ್ರಿ. ಇಷ್ಟ ದಿನಾ ಗೊತ್ತs ಆಗಲಿಲ್ಲ ನನ್ನ ಕಿವಿ ಹಿಂಗಾಗಿದ್ದು." ಮತ್ತೆ ಅಂದರು, "ನನ್ನ ಸಲುವಾಗಿ ನೀವು ಸಾಹೇಬ್ರ ಮುಂದ ತಲಿ ತಗ್ಗಸೂಹಂಗ ಆತು. ಮನಸಿಗೆ ಹಚ್ಚಿಕೋಬ್ಯಾಡ್ರಿ."

ಅವರು ನನಗೆ ಸಮಾಧಾನ ಹೇಳಿದರು. ಇದನ್ನು ಬರೆಯುವಾಗ ಈಗಲೂ ಮೈ ಹಿಡಿಯಾಗುತ್ತದೆ.

ಒಂದು ಸುಳ್ಳು ಹೇಳಿ ಮುಗಿಯಿತು ಅಂದುಕೊಂಡಿದ್ದೆ. ಅದು ಅಲ್ಲಿಂದ ಶುರುವಾಯಿತು. ಮರುದಿನದಿಂದ ಕಾಕಾ ಯಾರು ಏನು ಹೇಳಿದರೂ "ಇನ್ನೊಮ್ಮಿ ಹೇಳ್ರಿ" ಅನ್ನತೊಡಗಿದರು. ಗೊಂಬೆ ಕೇಳಿಕೊಂಡು ಬಂದವರಿಗೆ ಹಾಳೆ, ಪೆನ್ಸಿಲ್ ಕೊಟ್ಟು ಬರೆಸಿಕೊಳ್ಳತೊಡಗಿದರು. ಕಾಕೂ ಮೊದಲು ಬೈದರು, ಆಮೇಲೆ ಸೋತು ಗಟ್ಟಿಯಾಗಿ ಮಾತನಾಡಲು ಕಲಿತರು. ಮನೆಯವರು ಕಲಿತದ್ದನ್ನು ಓಣಿ ಕಲಿಯಿತು. ವರ್ಷ ತಿರುಗುವುದರೊಳಗೆ ಅವರು ಕಿವುಡ ಕಾಕಾ ಆದರು. ಅವರಿಗೆ ಎಲ್ಲವೂ ಕೇಳಿಸುತ್ತಿತ್ತು. ಒಂದು ಸಂಜೆ ನಾನು ಹಿಂದಿನಿಂದ ಹೋಗುತ್ತಿದ್ದಾಗ ತಿರುಗಿ ನೋಡದೆಯೇ, "ಬರ್ರಿ ಮಾಸ್ತರ" ಅಂದಿದ್ದರು, ನನ್ನ ಚಪ್ಪಲಿಯ ಸದ್ದಿಗೆ. ಆದರೆ ತಮ್ಮ ಕಿವಿಯ ಮೇಲೆ ಅವರಿಗೇ ನಂಬಿಕೆ ಹೋಗಿತ್ತು.

ಕಟ್ಟಿಗೆ ತಟ್ಟುವುದನ್ನೂ ಬಿಟ್ಟರು. ಒಂದು ದಿನ ಯಾರೋ ಕಟ್ಟಿಗೆ ತಂದು ಮುಂದಿಟ್ಟಾಗ ಗೆಣ್ಣು ಎತ್ತಿದವರು ಹಾಗೇ ಇಳಿಸಿ, "ಬ್ಯಾಡೋ ತಮ್ಮಾ, ನನ್ನ ಕಿವಿ ನಂಬಿ ನಿನ್ನ ಕೆಲಸ ಕೆಡಿಸಿಕೊಳ್ಳಬ್ಯಾಡ" ಅಂದರು. ನಾನು ನನ್ನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ, ಒಳಗೆ ಹೋದೆ.

ಮಗ ಅವರನ್ನು ಬೆಳಗಾವಿಯ ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಪರೀಕ್ಷೆ ಮಾಡಿ, ಕಿವಿಗೆ ಏನೂ ಆಗಿಲ್ಲ, ಈ ವಯಸ್ಸಿಗೆ ಇಂಥ ಕಿವಿ ಯಾರಿಗೂ ಇಲ್ಲ ಅಂದರಂತೆ. ಇದನ್ನು ಕೇಳಿ ನನಗೆ ಜೀವ ಬಂದಂತಾಯಿತು. ನಾನು ಬಾಯಿ ಬಿಡದೆಯೇ ಎಲ್ಲವೂ ಸರಿಹೋಯಿತಲ್ಲ! ಓಡಿಹೋಗಿ, "ಡಾಕ್ಟರs ಹೇಳ್ಯಾರಲ್ರಿ ಕಾಕಾ, ಇನ್ನೇನು?" ಅಂದೆ.

"ಅದು ಸಣ್ಣ ವಯಸ್ಸಿನ ಡಾಕ್ಟರ್‍ರಿ" ಎಂದು ನಕ್ಕರು. "ಮಷೀನ್ ಹಚ್ಚಿ ಏನ ನೋಡ್ತಾನ ಅಂವಾ? ನೀವು ಖುದ್ದ ನಿಮ್ಮ ಬಾಯಿಲೆ ಹೇಳಿದ್ದು ನನಗ ತಪ್ಪ ಕೇಳಿಸ್ತಲ್ಲ. ಅದಕ್ಕಿಂತ ಪರೀಕ್ಷಾ ಬೇಕೇನ್ರಿ?"

ಕೆಲವು ವರ್ಷಗಳ ನಂತರ ನನಗೆ ಹುಕ್ಕೇರಿಗೆ ವರ್ಗವಾಯಿತು. ಓಣಿ ಬಿಟ್ಟು ಹೋಗುವಾಗ ದುಃಖಕ್ಕಿಂತ ಹೆಚ್ಚಾಗಿ ನನಗೆ ಹಗುರ ಅನಿಸಿತ್ತು. ಅಲ್ಲಿ ಒಮ್ಮೆ ಪೇಟೆಯಲ್ಲಿ ಆ ಸಾಹೇಬರು ಸಿಕ್ಕರು. ತಾವೇ ಮಾತು ತೆಗೆದರು. "ನಿಮ್ಮ ಗೋಕಾಕದ ಕಾಕಾ ಬರೆದ ಸೈನಿಕರನ್ನ ಆಟಕ್ಕ ಹಚ್ಚಲಿಲ್ಲ ನೋಡ್ರಿ. ಗ್ಲಾಸಿನ ಕಪಾಟಿನ್ಯಾಗ ಇಟ್ಟೇನಿ. ಪುಣೆಯ ಗೆಳೆಯಾ ಬಂದಾಗ ಆ ಮಾರೀನs ನೋಡಕೋತ ಕುಂತು ಆಟಾ ಮರತಾ. ನಂದೂ ಸ್ವಲ್ಪ ಅವಸರ ಆತು. ಅವರಿಗೆ ಹೇಳ್ರಿ." ಹೇಳುತ್ತೇನೆ ಅಂದೆ. ಹೇಳಲಿಲ್ಲ. ಅದನ್ನು ಹೇಳಹೋದರೆ ಅರಬಿಯ ಮಾತು ಬರುತ್ತದೆ, ಮಾರಿಯ ಮಾತು ಬರುತ್ತದೆ. ಅವರಿಗೆ ಸಿಗಬೇಕಾಗಿದ್ದ ಆ ಒಂದು ಹೊಗಳಿಕೆಯನ್ನೂ ನನ್ನ ಜೇಬಿನಲ್ಲೇ ಇಟ್ಟುಕೊಂಡೆ.

ಅವರಿಗೆ ಮೈ ಸರಿಯಿಲ್ಲ ಎಂದು ತಿಳಿದಾಗ ಮಾತ್ರ ಮನಸ್ಸು ಗಟ್ಟಿ ಮಾಡಿಕೊಂಡು ಹೊರಟೆ. ಹುಕ್ಕೇರಿಯಿಂದ ಗೋಕಾಕದವರೆಗೆ ಬಸ್ಸಿನಲ್ಲಿ ಮಾತುಗಳನ್ನು ಹೊಂದಿಸುತ್ತಲೇ ಬಂದೆ. ಮಧ್ಯಾಹ್ನದ ಹೊತ್ತು. ಕಾಕಾ ಬಾಗಿಲ ಬಳಿಯ ಹೊರಸಿನ ಮೇಲೆ ಒರಗಿ ಕುಳಿತಿದ್ದರು. ಬಹಳ ಇಳಿದುಹೋಗಿದ್ದರು. ತುಟಿಯ ಮೂಲೆಯಲ್ಲಿ ಬಣ್ಣ ಇರಲಿಲ್ಲ. ನೋಡಲು ಬಂದ ಓಣಿಯ ನಾಲ್ಕೈದು ಜನ ಚಾಪೆಯ ಮೇಲಿದ್ದರು, ಸೊಸೆ ಬಾಗಿಲಲ್ಲಿ ನಿಂತಿದ್ದಳು, ಕಾಕೂ ಚಹಾ ತಂದುಕೊಟ್ಟರು. ಎಲ್ಲರೂ ಏಳಲಿ ಎಂದು ಕಾದೆ. ಯಾರೂ ಏಳಲಿಲ್ಲ. ಅವರು ತಮ್ಮ ತಮ್ಮಲ್ಲಿ ಮಾತಿಗೆ ತೊಡಗಿದಾಗ, ಹೊರಸಿನ ಹತ್ತಿರ ಸರಿದು, ಕಾಕಾನ ಕೈ ಹಿಡಿದುಕೊಂಡು, ಮೆಲ್ಲಗೆ ಹೇಳಿದೆ.

"ಕಾಕಾ, ಅವತ್ತ ನಾ ಮಾರಿ ಅಂತನs ಹೇಳಿದ್ನಿ. ಸಾಹೇಬ್ರ ಮುಂದ ಸುಳ್ಳ ಹೇಳಿದ್ನಿ. ನಿಮ್ಮ ಕಿವಿ ಬರೋಬರಿ ಅದಾವ. ತಪ್ಪ ನಂದು."

ಹೇಳಿಬಿಟ್ಟೆ. ಅಷ್ಟು ವರ್ಷ ಬಾರದ ಮಾತು ಬಂತು. ಕಾಕಾ ನನ್ನ ಮುಖವನ್ನೇ ನೋಡಿದರು. ಆಮೇಲೆ ಕೈ ಬಿಡಿಸಿಕೊಂಡು, ಅಂಗೈಯನ್ನು ಕಿವಿಯ ಹಿಂದೆ ಇಟ್ಟುಕೊಂಡರು.

"ಹಾಂ? ಏನಂದ್ರಿ ಮಾಸ್ತರ? ಇನ್ನೊಮ್ಮಿ ಹೇಳ್ರಿ."

ನಿಜವಾಗಿ ಕೇಳಿಸಲಿಲ್ಲವೋ, ಕೇಳಿಸಿದರೂ ನಂಬಲಿಲ್ಲವೋ, ನನಗೆ ಇಂದಿಗೂ ತಿಳಿಯದು. ಚಾಪೆಯ ಮೇಲಿನ ಮಾತು ನಿಂತಿತು. ಎಲ್ಲರೂ ನನ್ನ ಕಡೆ ತಿರುಗಿದರು.

"ಒದರಿ ಹೇಳ್ರಿ ಮಾಸ್ತರ" ಎಂದರು ಕಾಕೂ. "ಹಂಗ ಪಿಸುಪಿಸು ಅಂದ್ರ ಅವರಿಗೆ ಕೇಳಿಸೂದಿಲ್ಲ."

ಕಾಕಾ ಕಿವಿಗೆ ಕೈ ಹಿಡಿದುಕೊಂಡು ಕಾಯುತ್ತಿದ್ದರು. ನಾನು ದನಿ ಏರಿಸಿದೆ.

"ಚಾ ಭಾಳ ಚಲೋ ಆಗೇತಿ ಅಂದ್ನಿ, ಕಾಕಾ!"

ಅವರ ಮುಖ ಅರಳಿತು. "ಹಾಂ, ಈಗ ಕೇಳಿಸ್ತು" ಎಂದು ಹೆಂಡತಿಯ ಕಡೆ ತಿರುಗಿ, "ಮಾಸ್ತರಿಗೆ ಇನ್ನೊಂದ ಕಪ್ ಕೊಡು" ಅಂದರು.

ಕಾಕೂ ತಂದುಕೊಟ್ಟರು. ಕುಡಿದೆ.